ಆರ್ಥಿಕ ಹಿಂಜರಿತ ಮತ್ತು ಊರಿನ ಸೇವಾಸಂಸ್ಥೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ತಾಲ್ಲೂಕು ಕೇಂದ್ರವೊಂದರಲ್ಲಿ ಉಚಿತ ವಿದ್ಯಾರ್ಥಿನಿಲಯವನ್ನೂ ಚಿಕ್ಕದೊಂದು ವೃದ್ಧಾಶ್ರಮವನ್ನೂ ನಡೆಸುವ ಟ್ರಸ್ಟಿನ ಲೆಕ್ಕಪತ್ರಗಳನ್ನು ನಾನು ಬಹಳ ವರ್ಷಗಳಿಂದ ನೋಡಿಕೊಳ್ಳುತ್ತಿದ್ದೇನೆ. ಸುತ್ತಮುತ್ತಲಿನ ಸಂಘಸಂಸ್ಥೆಗಳ ಪದಾಧಿಕಾರಿಗಳು, ನಮ್ಮ ದಾನಿಗಳು ಮತ್ತು ನಮ್ಮಲ್ಲೇ ದುಡಿಯುವವರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ತೆರಿಗೆ, ಕಾನೂನುಗಳ ಮಾತು ಬಂದ ಕಡೆ ಸಾಮಾನ್ಯ ನಿಯಮವನ್ನಷ್ಟೇ ಹೇಳಿರುವುದರಿಂದ, ಯಾವುದೇ ತೀರ್ಮಾನಕ್ಕೆ ಮುನ್ನ ನಿಮ್ಮ ಲೆಕ್ಕಪರಿಶೋಧಕರನ್ನು ಕೇಳಿಕೊಳ್ಳಿ.

ಆರ್ಥಿಕ ಹಿಂಜರಿತ ಬಂದಿದೆ ಎಂದು ನಮ್ಮಂಥ ಸಣ್ಣ ಸಂಸ್ಥೆ ತಿಳಿಯುವುದು ಹೇಗೆ?

ದೇಶದ ಒಟ್ಟು ಉತ್ಪನ್ನ ಸತತ ಎರಡು ತ್ರೈಮಾಸಿಕಗಳಲ್ಲಿ ಕುಗ್ಗಿದರೆ ಅದನ್ನು ಹಿಂಜರಿತ ಎಂದು ಕರೆಯುವುದು ರೂಢಿ. 2020ರ ಏಪ್ರಿಲ್‌ನಿಂದ ಜೂನ್‌ವರೆಗಿನ ತ್ರೈಮಾಸಿಕದಲ್ಲಿ ಭಾರತದ ಉತ್ಪನ್ನ ಹಿಂದಿನ ವರ್ಷಕ್ಕೆ ಹೋಲಿಸಿದರೆ ಸುಮಾರು ಶೇಕಡಾ 24ರಷ್ಟು ಕುಸಿಯಿತು. ಮುಂದಿನ ತ್ರೈಮಾಸಿಕದಲ್ಲೂ ಇಳಿಕೆಯೇ ಇತ್ತು. 2008ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ದೊಡ್ಡ ಹೂಡಿಕೆ ಬ್ಯಾಂಕ್ ಲೇಮನ್ ಬ್ರದರ್ಸ್ ದಿವಾಳಿಯಾದಾಗ ನಮ್ಮ ದೇಶದಲ್ಲಿ ಈ ಅರ್ಥದ ಹಿಂಜರಿತ ಬರಲಿಲ್ಲ, ಬೆಳವಣಿಗೆ ನಿಧಾನವಾಯಿತು. ಆದರೂ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಿಗೂ ಹೊರದೇಶಗಳಿಗೆ ಬಟ್ಟೆ ಹೊಲಿದು ಕಳುಹಿಸುವ ಗಾರ್ಮೆಂಟ್ಸ್ ಕಾರ್ಖಾನೆಗಳಿಗೂ ಅದರ ಬಿಸಿ ತಟ್ಟಿತ್ತು.

ಆದರೆ ತಾಲ್ಲೂಕು ಮಟ್ಟದ ಸಂಸ್ಥೆಗೆ ಈ ರಾಷ್ಟ್ರೀಯ ಅಂಕಿಅಂಶ ಅರ್ಧ ಕಥೆಯನ್ನಷ್ಟೇ ಹೇಳುತ್ತದೆ. 2023ರಲ್ಲಿ ಕರ್ನಾಟಕ ಸರ್ಕಾರ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತ ಎಂದು ಘೋಷಿಸಿತು. 2024ರ ಅಧಿಕೃತ ಅಂದಾಜಿನ ಪ್ರಕಾರ ಅದೇ ಆರ್ಥಿಕ ವರ್ಷದಲ್ಲಿ ದೇಶದ ಬೆಳವಣಿಗೆ ದರ ಶೇಕಡಾ 8ನ್ನು ದಾಟಿತ್ತು. ಪತ್ರಿಕೆಯಲ್ಲಿ ಬೆಳವಣಿಗೆಯ ಸುದ್ದಿ ಓದುತ್ತಲೇ, ಸುಗ್ಗಿಯಲ್ಲಿ ನಮಗೆ ರಾಗಿ ಕೊಡುತ್ತಿದ್ದ ರೈತರು ತಾವೇ ಪಡಿತರದ ಸಾಲಿನಲ್ಲಿ ನಿಂತಿದ್ದನ್ನು ನಾವು ನೋಡಿದೆವು. ಬಯಲುಸೀಮೆಯ ಸಂಸ್ಥೆಗೆ ಮಳೆ, ಮಲೆನಾಡಿನ ಸಂಸ್ಥೆಗೆ ಕಾಫಿ ಮತ್ತು ಅಡಿಕೆಯ ಧಾರಣೆ, ಬೆಂಗಳೂರಿನ ಅಂಚಿನಲ್ಲಿರುವ ಸಂಸ್ಥೆಗೆ ನಿವೇಶನದ ವ್ಯಾಪಾರ: ನಿಮ್ಮ ದಾನಿಗಳ ಹಣ ಎಲ್ಲಿಂದ ಹುಟ್ಟುತ್ತದೋ ಅಲ್ಲಿ ಏನಾಗುತ್ತಿದೆ ಎಂಬುದನ್ನು ಮೊದಲು ನೋಡಿ.

ಯಾವ ಆದಾಯ ಮೊದಲು ಕುಸಿಯುತ್ತದೆ?

ಎಲ್ಲವೂ ಒಂದೇ ದಿನ ಕುಸಿಯುವುದಿಲ್ಲ ಎಂಬುದೇ ಇಲ್ಲಿ ತಿಳಿಯಬೇಕಾದ ಮುಖ್ಯ ಸಂಗತಿ. ಮೊದಲ ತಿಂಗಳಲ್ಲೇ ನಿಲ್ಲುವುದು ಕೈಯಿಂದ ಕೈಗೆ ಬರುವ ಸಣ್ಣ ದಾನ: ಮಗುವಿನ ಹುಟ್ಟುಹಬ್ಬಕ್ಕೆ ಒಂದು ಹೊತ್ತಿನ ಊಟ, ಗೃಹಪ್ರವೇಶದಲ್ಲಿ ಮಿಕ್ಕ ದಿನಸಿ, ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿಟ್ಟ ಹುಂಡಿ. ಇದರ ಬೆನ್ನಿಗೇ, ಇನ್ನೂ ಮೌನವಾಗಿ ಇಳಿಯುವುದು ಬ್ಯಾಂಕ್ ಠೇವಣಿಯ ಬಡ್ಡಿ. ಸರ್ಕಾರದ ಅನುದಾನ ಕೆಲವು ತಿಂಗಳು ತಡವಾಗುತ್ತದೆ. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣ ಎಲ್ಲಕ್ಕಿಂತ ಕೊನೆಗೆ, ಕೆಲವೊಮ್ಮೆ ಎರಡು ವರ್ಷಗಳ ನಂತರ, ದೇಶದ ಪರಿಸ್ಥಿತಿ ಸುಧಾರಿಸಿತು ಎಂದು ಎಲ್ಲರೂ ನಿಟ್ಟುಸಿರು ಬಿಡುವ ಹೊತ್ತಿಗೆ ಕಡಿಮೆಯಾಗುತ್ತದೆ. ಈ ಕಾಲಾಂತರವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಮೊದಲ ವರ್ಷವನ್ನು ದಾಟಿದ ಸಂಸ್ಥೆಗಳು ಮೂರನೆಯ ವರ್ಷದಲ್ಲಿ ಮುಗ್ಗರಿಸಿದ್ದನ್ನು ಕಂಡಿದ್ದೇನೆ.

ನಮ್ಮ ಹಣ ಬ್ಯಾಂಕಿನಲ್ಲಿ ಭದ್ರವಾಗಿದೆ, ಅಸಲಿಗೆ ಧಕ್ಕೆಯಿಲ್ಲ. ಆದರೂ ಚಿಂತೆ ಮಾಡಬೇಕೇ?

ಮಾಡಬೇಕು. ನಮ್ಮ ಸಂಸ್ಥೆಗಳಲ್ಲಿ ‘ಶಾಶ್ವತ ಅನ್ನದಾನ ನಿಧಿ’ ಎಂಬ ಪದ್ಧತಿಯಿದೆ. ದಾನಿಯೊಬ್ಬರು ಒಮ್ಮೆ ಒಂದು ಮೊತ್ತವನ್ನು ಕೊಟ್ಟು ವರ್ಷದ ಒಂದು ದಿನವನ್ನು ಗುರುತಿಸುತ್ತಾರೆ. ಅದು ತಂದೆಯ ತಿಥಿಯಾಗಿರಬಹುದು, ಮಗಳ ಹುಟ್ಟಿದ ದಿನವಾಗಿರಬಹುದು. ಮೊತ್ತ ಠೇವಣಿಯಲ್ಲಿರುತ್ತದೆ, ಬಡ್ಡಿಯಿಂದ ಪ್ರತಿ ವರ್ಷ ಆ ದಿನ ಊಟ ನಡೆಯುತ್ತದೆ, ಊಟದ ಮನೆಯ ಕಪ್ಪುಹಲಗೆಯ ಮೇಲೆ ದಾನಿಯ ಹೆಸರು ಬರೆಯಲಾಗುತ್ತದೆ.

ನಮ್ಮ ದಫ್ತರದ ಹಳೆಯ ಪುಟವೊಂದನ್ನೇ ತೆಗೆದುಕೊಳ್ಳಿ. 1995ರಲ್ಲಿ ನಿವೃತ್ತ ಶಿಕ್ಷಕರೊಬ್ಬರು 5,000 ರೂಪಾಯಿ ಕೊಟ್ಟು ತಾಯಿಯ ತಿಥಿಯ ದಿನವನ್ನು ಬರೆಸಿದ್ದಾರೆ. ಆಗ ಶೇಕಡಾ 12ರ ಹತ್ತಿರ ಬಡ್ಡಿ ಸಿಗುತ್ತಿದ್ದುದರಿಂದ ವರ್ಷಕ್ಕೆ 600 ರೂಪಾಯಿ ಬರುತ್ತಿತ್ತು. ಅಂದಿನ ಬೆಲೆಯಲ್ಲಿ ಹುಡುಗರಿಗೆಲ್ಲ ಪಾಯಸದ ಊಟಕ್ಕೆ ಅದು ಸಾಲುತ್ತಿತ್ತು. 2020ರಲ್ಲಿ ದೊಡ್ಡ ಬ್ಯಾಂಕುಗಳ ಒಂದು ವರ್ಷದ ಠೇವಣಿಯ ಬಡ್ಡಿ ಶೇಕಡಾ 5ರ ಆಸುಪಾಸಿಗೆ ಇಳಿದಾಗ ಅದೇ ಮೊತ್ತ ತಂದದ್ದು 250 ರೂಪಾಯಿ. ಪಾಯಸದ ಹಾಲಿಗೂ ಅದು ಸಾಲಲಿಲ್ಲ. ಆದರೆ ಹಲಗೆಯ ಮೇಲೆ ಆ ತಾಯಿಯ ಹೆಸರು ಬರೆಯುವುದನ್ನು ನಾವು ನಿಲ್ಲಿಸಲಿಲ್ಲ, ನಿಲ್ಲಿಸುವುದೂ ಇಲ್ಲ. ಕೊರತೆಯನ್ನು ಸಾಮಾನ್ಯ ನಿಧಿಯಿಂದ ತುಂಬಿದೆವು, ಅಂಥ ದಿನಗಳು ವರ್ಷದಲ್ಲಿ ಇನ್ನೂರಕ್ಕೂ ಹೆಚ್ಚು ಇರುವುದರಿಂದ ಸಾಮಾನ್ಯ ನಿಧಿ ಸೋರಿಹೋಯಿತು.

ಆರ್ಥಿಕತೆ ಕುಗ್ಗಿದಾಗ ಸಾಲ ಅಗ್ಗವಾಗಲಿ ಎಂದು ರಿಸರ್ವ್ ಬ್ಯಾಂಕ್ ರೆಪೊ ದರವನ್ನು, ಅಂದರೆ ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿಯನ್ನು, ಇಳಿಸುತ್ತದೆ. 2008ರ ಅಕ್ಟೋಬರ್ ಆರಂಭದಲ್ಲಿ ಶೇಕಡಾ 9 ಇದ್ದ ದರ 2009ರ ಏಪ್ರಿಲ್ ವೇಳೆಗೆ 4.75ಕ್ಕೆ ಬಂದಿತ್ತು, 2020ರ ಮೇ ತಿಂಗಳಲ್ಲಿ 4ಕ್ಕೆ ಇಳಿದು ಎರಡು ವರ್ಷ ಅಲ್ಲಿಯೇ ನಿಂತಿತು. ಉದ್ಯಮಕ್ಕೆ ಚೇತರಿಕೆ ಕೊಡುವ ಈ ಕ್ರಮವೇ ಬಡ್ಡಿಯನ್ನು ನಂಬಿದ ಸಂಸ್ಥೆಯ ಆದಾಯವನ್ನು ಕತ್ತರಿಸುತ್ತದೆ. ಒಂದು ಕೋಟಿ ಮೂಲನಿಧಿಯಿರುವ ಟ್ರಸ್ಟಿಗೆ ಬಡ್ಡಿ ಶೇಕಡಾ 8ರಿಂದ 5ಕ್ಕೆ ಇಳಿದರೆ ವರ್ಷಕ್ಕೆ ಮೂರು ಲಕ್ಷ ರೂಪಾಯಿ ಖೋತಾ, ಅಂದರೆ ಇಬ್ಬರು ಅಡುಗೆಯವರ ಸಂಬಳ. ಠೇವಣಿಗಳನ್ನೆಲ್ಲ ಒಂದೇ ದಿನ ಪಕ್ವವಾಗುವಂತೆ ಇಡದೆ ಒಂದು, ಮೂರು, ಐದು ವರ್ಷಗಳಿಗೆ ಹಂಚಿ ಇಟ್ಟರೆ ಪೆಟ್ಟು ಒಮ್ಮೆಲೇ ಬೀಳುವುದಿಲ್ಲ. ಶಾಶ್ವತ ನಿಧಿಯ ಕನಿಷ್ಠ ಮೊತ್ತವನ್ನೂ ಆಗಾಗ ಏರಿಸಬೇಕು. ಇದನ್ನು ದಾನಿಗಳ ಮುಂದಿಡಲು ನಾವು ಬಹಳ ಸಂಕೋಚಪಟ್ಟೆವು. ಹೇಳಿದಾಗ ಹಳೆಯ ದಾನಿಗಳ ಮಕ್ಕಳಲ್ಲಿ ಹಲವರು ತಾವಾಗಿಯೇ ಮೊತ್ತ ಸೇರಿಸಿ ಕೊಟ್ಟರು.

ಕಂಪನಿಗಳು ಶೇಕಡಾ 2ರಷ್ಟು ಕೊಡಲೇಬೇಕು ಎಂಬ ಕಾನೂನಿದೆಯಲ್ಲ? ಅದು ಹೇಗೆ ಕಡಿಮೆಯಾಗುತ್ತದೆ?

2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ, 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ, ಇವುಗಳಲ್ಲಿ ಯಾವುದಾದರೂ ಒಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇಕಡಾ 2ನ್ನು ಸಮಾಜಕಾರ್ಯಕ್ಕೆ ವೆಚ್ಚ ಮಾಡಬೇಕು. 2014ರ ಏಪ್ರಿಲ್‌ನಿಂದ ಇದು ಜಾರಿಯಲ್ಲಿದೆ. ಲೆಕ್ಕ ಮೂರು ವರ್ಷಗಳ ಸರಾಸರಿಯದಾದ್ದರಿಂದ 2020–21ರ ಕೆಟ್ಟ ಲಾಭ 2021–22ರಿಂದ 2023–24ರವರೆಗಿನ ಮೂರೂ ವರ್ಷಗಳ ಮೊತ್ತವನ್ನು ಜಗ್ಗುತ್ತದೆ. ದೊಡ್ಡ ಕಂಪನಿಯ ವಿಷಯದಲ್ಲಿ ಈ ಇಳಿಕೆ ನಿಧಾನವಾದದ್ದು. ಐದು ಕೋಟಿಯ ಗಡಿಯಲ್ಲಿರುವ ಸಣ್ಣ ಕಂಪನಿಯದು ಹಾಗಲ್ಲ; ಲಾಭ ಗಡಿಯ ಕೆಳಗೆ ಜಾರಿದರೆ ಅದು ಈ ಕಟ್ಟುಪಾಡಿನಿಂದಲೇ ಹೊರಗೆ ಬರಬಹುದು. ಜಿಲ್ಲೆಯ ಕೈಗಾರಿಕಾ ಪ್ರದೇಶದ ಇಂಥ ಕಂಪನಿಗಳೇ ಊರಿನ ಸಂಸ್ಥೆಗಳಿಗೆ ಆಧಾರವಾಗಿರುವುದು.

ಮೊತ್ತ ಅಷ್ಟೇ ಉಳಿದರೂ ಅದು ಹೋಗುವ ದಾರಿ ಬದಲಾಗಬಹುದು. 2020ರ ಮಾರ್ಚ್ ಕೊನೆಯಲ್ಲಿ ಪಿಎಂ ಕೇರ್ಸ್ ನಿಧಿ ಸ್ಥಾಪನೆಯಾದಾಗ, ಅದಕ್ಕೆ ಕೊಟ್ಟ ಹಣವನ್ನು ಸಾಮಾಜಿಕ ಹೊಣೆಗಾರಿಕೆಯ ವೆಚ್ಚವೆಂದು ಪರಿಗಣಿಸಲಾಗುವುದು ಎಂದು ಕಂಪನಿ ವ್ಯವಹಾರಗಳ ಸಚಿವಾಲಯ ತಿಳಿಸಿತು. ರಾಜ್ಯಗಳ ಮುಖ್ಯಮಂತ್ರಿ ಪರಿಹಾರ ನಿಧಿಗೆ ಕೊಟ್ಟದ್ದಕ್ಕೆ ಆ ಸೌಲಭ್ಯ ಇರಲಿಲ್ಲ. ಸಂಕಟದ ಹೊತ್ತಿನಲ್ಲಿ ಆರೋಗ್ಯ ಮತ್ತು ಪರಿಹಾರದ ಕೆಲಸಕ್ಕೆ ಹಣ ಹರಿಯುವುದು ಸಹಜವೇ. ಆದರೆ ಅದೇ ಹೊತ್ತಿನಲ್ಲಿ ಗ್ರಂಥಾಲಯ, ಕಿವುಡ ಮಕ್ಕಳ ಶಾಲೆ, ಸಂಜೆಯ ಪಾಠದಂಥ ಕೆಲಸಗಳು ಪಟ್ಟಿಯಿಂದ ಬಿದ್ದುಹೋಗುತ್ತವೆ, ಮತ್ತೆ ಆ ಪಟ್ಟಿಗೆ ಸೇರಲು ವರ್ಷಗಳೇ ಬೇಕಾಗುತ್ತವೆ.

ಹೊರದೇಶದಲ್ಲಿರುವ ಊರಿನವರು ಕೈಹಿಡಿಯುವುದಿಲ್ಲವೇ?

ಹಿಡಿದಿದ್ದಾರೆ. 2008ರ ಆರಂಭದಲ್ಲಿ ಡಾಲರಿಗೆ ಸುಮಾರು 40 ರೂಪಾಯಿ ಇದ್ದದ್ದು 2009ರ ಮಾರ್ಚ್ ಹೊತ್ತಿಗೆ 50 ದಾಟಿತ್ತು. ಹೀಗಾಗಿ ಅಲ್ಲಿಂದ ಬರುವ ಡಾಲರ್ ಕಡಿಮೆಯಾದರೂ ರೂಪಾಯಿಯ ಲೆಕ್ಕದಲ್ಲಿ ಕೊರತೆ ಅಷ್ಟು ಕಾಣಿಸಲಿಲ್ಲ. ಇದನ್ನು ಪ್ರತಿ ಸಲವೂ ನೆಚ್ಚಿಕೊಳ್ಳಲಾಗದು.

ಕಾನೂನಿನ ಒಂದು ಅಂಶವನ್ನು ಮಾತ್ರ ಎಲ್ಲರೂ ತಿಳಿದಿರಬೇಕು. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡಿರುವ ಅನಿವಾಸಿ ತನ್ನ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟದ್ದು ವಿದೇಶಿ ವಂತಿಗೆಯಲ್ಲ. ಅಲ್ಲಿನ ಪೌರತ್ವ ಪಡೆದವರು, ಅವರು ನಮ್ಮ ಓಣಿಯಲ್ಲೇ ಹುಟ್ಟಿ ಬೆಳೆದವರಾದರೂ, ಕೊಟ್ಟದ್ದು ವಿದೇಶಿ ವಂತಿಗೆ. ಅದನ್ನು ಪಡೆಯಲು ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಅಥವಾ ಪೂರ್ವಾನುಮತಿ ಬೇಕು. 2020ರ ಸೆಪ್ಟೆಂಬರಿನ ತಿದ್ದುಪಡಿ ಈ ಹಣವನ್ನು ಒಂದು ಸಂಸ್ಥೆ ಇನ್ನೊಂದಕ್ಕೆ ವರ್ಗಾಯಿಸುವುದನ್ನು ನಿಷೇಧಿಸಿತು, ಆಡಳಿತ ವೆಚ್ಚದ ಮಿತಿಯನ್ನು ಶೇಕಡಾ 50ರಿಂದ 20ಕ್ಕೆ ಇಳಿಸಿತು. ನಗರದ ದೊಡ್ಡ ಸಂಸ್ಥೆಯಿಂದ ಪಾಲು ಪಡೆದು ಹಳ್ಳಿಯಲ್ಲಿ ಕೆಲಸ ಮಾಡುತ್ತಿದ್ದ ಸಣ್ಣ ಸಂಘಗಳಿಗೆ, ಉತ್ಪನ್ನ ಕುಸಿದ ಅದೇ ವರ್ಷದಲ್ಲಿ ಆ ಬಾಗಿಲೂ ಮುಚ್ಚಿತು. ದುರುಪಯೋಗ ತಡೆಯುವ ಉದ್ದೇಶವನ್ನು ನಾನು ಒಪ್ಪುತ್ತೇನೆ; ಆದರೆ ಪ್ರಾಮಾಣಿಕವಾಗಿ ದುಡಿಯುತ್ತಿದ್ದ ಸಣ್ಣವರ ಮೇಲೆ ಬಿದ್ದ ಹೊರೆ ಅತಿಯಾಯಿತು ಎಂಬುದು ನನ್ನ ಅಭಿಪ್ರಾಯ.

ಸರ್ಕಾರದ ಅನುದಾನ?

ಸಾಮಾನ್ಯವಾಗಿ ರದ್ದಾಗುವುದಿಲ್ಲ, ತಡವಾಗುತ್ತದೆ. ತೆರಿಗೆ ಸಂಗ್ರಹ ಇಳಿದ ವರ್ಷದಲ್ಲಿ ಕಂತುಗಳ ಬಿಡುಗಡೆ ಮುಂದೆ ಹೋಗುತ್ತದೆ. ಆರು ತಿಂಗಳ ವೆಚ್ಚವನ್ನು ಕೈಯಿಂದ ಹಾಕಿಕೊಂಡು ನಡೆಸುವ ಶಕ್ತಿ ಇಲ್ಲದ ಸಂಸ್ಥೆ ಅನುದಾನವನ್ನೊಂದೇ ನಂಬಿ ವಸತಿ ಕೆಲಸ ಆರಂಭಿಸಬಾರದು.

ಹಿಂಜರಿತದಲ್ಲಿ ನೆರವು ಕೇಳಿ ಬರುವವರು ಯಾರು?

ಮೊದಲಿನಿಂದಲೂ ಬಡವರಾಗಿದ್ದವರು ಮಾತ್ರ ಬರುತ್ತಾರೆ ಎಂದುಕೊಂಡರೆ ತಪ್ಪು. ಹೊಸಬರು ಬರುತ್ತಾರೆ, ಅವರಿಗೆ ಕೇಳುವ ಅಭ್ಯಾಸವೇ ಇರುವುದಿಲ್ಲ. 2020ರ ಜುಲೈನಲ್ಲಿ ಒಬ್ಬರು ನಮ್ಮ ಕಚೇರಿಗೆ ಬಂದು, ವಿದ್ಯಾರ್ಥಿನಿಲಯದ ಪ್ರವೇಶದ ಅರ್ಜಿ ಯಾರಿಗೋ ಬೇಕಿತ್ತು ಎಂದರು. ಅರ್ಜಿ ಕೊಟ್ಟೆ. ಜೇಬಿನಿಂದ ಪೆನ್ನು ತೆಗೆದು ಅಲ್ಲೇ ಬೆಂಚಿನ ಮೇಲೆ ಕುಳಿತು ತುಂಬತೊಡಗಿದಾಗ, ಅದು ಅವರ ಮಗನಿಗೇ ಎಂದು ತಿಳಿಯಿತು. ಬೆಂಗಳೂರಿನಲ್ಲಿ ಹದಿನಾಲ್ಕು ವರ್ಷ ಟ್ಯಾಕ್ಸಿ ಓಡಿಸಿದವರು, ಮೂರು ವರ್ಷದ ಹಿಂದೆ ಇದೇ ಕಚೇರಿಯಲ್ಲಿ ಒಂದು ದಿನದ ಊಟಕ್ಕೆ ಹಣ ಕಟ್ಟಿ ರಸೀದಿ ಪಡೆದಿದ್ದವರು. ರಸೀದಿ ಪುಸ್ತಕದ ಅಡಿಪ್ರತಿಯಲ್ಲಿ ಅವರ ಹೆಸರು ಇಂದಿಗೂ ಇದೆ.

ಹೀಗೆ ದಾನಿಯಾಗಿದ್ದವರೇ ಫಲಾನುಭವಿಯಾಗಿ ಬರುವುದರಿಂದ ಒಂದು ಕಡೆ ಆದಾಯದ ಸಾಲು ಅಳಿಯುತ್ತದೆ, ಇನ್ನೊಂದು ಕಡೆ ವೆಚ್ಚದ ಸಾಲು ಸೇರುತ್ತದೆ. ವೃದ್ಧಾಶ್ರಮದ ಅನುಭವವೂ ಇಂಥದ್ದೇ. ನಗರದಲ್ಲಿ ಕೆಲಸ ಕಳೆದುಕೊಂಡ ಮಕ್ಕಳು ತಂದೆತಾಯಿಯ ತಿಂಗಳ ಶುಲ್ಕ ನಿಲ್ಲಿಸುತ್ತಾರೆ, ವೃದ್ಧರನ್ನು ಕರೆದೊಯ್ಯುವುದೂ ಇಲ್ಲ. ಅವರನ್ನು ಹೊರಗೆ ಕಳುಹಿಸುವ ಮಾತು ನಮ್ಮ ಸಭೆಯಲ್ಲಿ ಒಮ್ಮೆಯೂ ಬರಲಿಲ್ಲ ಎಂಬುದು ನನಗೆ ಸಮಾಧಾನ.

ಕೆಲಸವಿಲ್ಲದ ಯುವಕರು ಸ್ವಯಂಸೇವೆಗೆ ಹೆಚ್ಚಾಗಿ ಬರುತ್ತಾರಲ್ಲವೇ? ಅದರಿಂದ ಖರ್ಚು ಉಳಿಯುವುದಿಲ್ಲವೇ?

ಬರುತ್ತಾರೆ, ಪ್ರೀತಿಯಿಂದಲೇ ಬರುತ್ತಾರೆ. ಲಾಕ್‌ಡೌನಿನ ದಿನಗಳಲ್ಲಿ ದಿನಸಿ ಪೊಟ್ಟಣ ಕಟ್ಟಲು, ಔಷಧ ತಲುಪಿಸಲು ನಮ್ಮೂರಿನ ಹುಡುಗರು ನಿಂತ ರೀತಿಯನ್ನು ಮರೆಯಲಾರೆ. ಆದರೆ ಅವರು ಹುಡುಕುತ್ತಿರುವುದು ಉದ್ಯೋಗ. ಸಿಕ್ಕ ದಿನ ಹೋಗುತ್ತಾರೆ, ಹೋಗಲೇಬೇಕು. ಹಾಸಿಗೆ ಹಿಡಿದ ವೃದ್ಧೆಯನ್ನು ಮಗ್ಗಲು ಬದಲಿಸಿ ಮಲಗಿಸುವುದು, ಬುದ್ಧಿಮಾಂದ್ಯ ಮಗುವಿಗೆ ಊಟ ಮಾಡಿಸುವುದು ತಿಂಗಳುಗಟ್ಟಲೆ ಕಲಿತು ಬರುವ ಕೆಲಸಗಳು. ಹಾಗಾಗಿ ಸಂಬಳದ ಕೆಲಸಗಾರರ ಸ್ಥಾನವನ್ನು ಸ್ವಯಂಸೇವಕರಿಂದ ತುಂಬಿಸುವ ಯೋಚನೆ ಬೇಡ. ನಿವೃತ್ತ ಶಿಕ್ಷಕರು, ಬ್ಯಾಂಕ್ ನೌಕರರು, ದಾದಿಯರು ವಾರಕ್ಕೆ ಎರಡು ದಿನವೆಂದು ನಿಗದಿಯಾಗಿ ಬಂದರೆ ಅದರ ಪ್ರಯೋಜನ ಹೆಚ್ಚು.

ಸಂಬಳ ಕಡಿತ ಮಾಡದೆ ಬೇರೆ ದಾರಿಯೇ ಇಲ್ಲ ಎನ್ನುತ್ತಾರೆ. ನಿಮ್ಮ ಅಭಿಪ್ರಾಯವೇನು?

ಈ ಪುಟದಲ್ಲಿ ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದೇ. ಕೊರತೆ ಬಂದಾಗ ಆಡಳಿತ ಮಂಡಳಿಯ ಕಣ್ಣು ಮೊದಲು ಬೀಳುವುದು ಸಂಬಳದ ಸಾಲಿನ ಮೇಲೆ, ಏಕೆಂದರೆ ಅದೇ ದೊಡ್ಡ ಮೊತ್ತ. ಆದರೆ ಹಣ ಮರಳಿ ಬಂದೀತು, ಹತ್ತು ಹಳ್ಳಿಗಳ ಪ್ರತಿ ಮನೆಯನ್ನೂ ಬಲ್ಲ ಕಾರ್ಯಕರ್ತೆ ಮರಳಿ ಬರುವುದಿಲ್ಲ. ಯಾವ ಮನೆಯಲ್ಲಿ ಹುಡುಗಿಯ ಓದು ಬಿಡಿಸಿ ಮದುವೆಗೆ ನೋಡುತ್ತಿದ್ದಾರೆ, ಯಾವ ಮನೆಯಲ್ಲಿ ಕ್ಷಯದ ಮಾತ್ರೆ ಅರ್ಧಕ್ಕೆ ನಿಂತಿದೆ ಎಂಬುದು ಅವರ ತಲೆಯಲ್ಲಿರುತ್ತದೆ, ನಮ್ಮ ಕಡತದಲ್ಲಿ ಅಲ್ಲ.

ನಮ್ಮಲ್ಲಿ ಒಮ್ಮೆ ಆ ತಪ್ಪು ನಡೆದಿದೆ. ಆಗ ಮಂಡಳಿಯಲ್ಲಿದ್ದ ನಾನೂ ಅದಕ್ಕೆ ಸಹಿ ಹಾಕಿದವನು. ಇಬ್ಬರು ಕಾರ್ಯಕರ್ತೆಯರನ್ನು ‘ತಾತ್ಕಾಲಿಕವಾಗಿ’ ಬಿಡುಗಡೆ ಮಾಡಿ, ಅರ್ಧಕ್ಕೆ ನಿಂತಿದ್ದ ಸಭಾಭವನದ ಕಾಮಗಾರಿಯನ್ನು ಮುಂದುವರಿಸಿದೆವು, ಕಟ್ಟಡಕ್ಕೆಂದು ಬಂದ ದಾನವನ್ನು ಬೇರೆಡೆ ಬಳಸುವಂತಿಲ್ಲ ಎಂಬ ಕಾರಣಕ್ಕೆ. ಭವನ ಪೂರ್ಣವಾಯಿತು. ಆ ಇಬ್ಬರೂ ಗಾರ್ಮೆಂಟ್ಸ್ ಸೇರಿಕೊಂಡರು, ಅವರು ನಡೆಸುತ್ತಿದ್ದ ಸಂಜೆಯ ಪಾಠ ಮತ್ತೆ ಶುರುವಾಗಲು ನಾಲ್ಕು ವರ್ಷ ಬೇಕಾಯಿತು. ಅಂದು ದಾನಿಗಳನ್ನು ಕಂಡು, ಆ ಹಣವನ್ನು ಸಂಬಳಕ್ಕೆ ಬಳಸಲು ಲಿಖಿತ ಒಪ್ಪಿಗೆ ಕೇಳಬಹುದಿತ್ತು. ಕೇಳುವ ಧೈರ್ಯ ನಮಗಿರಲಿಲ್ಲ.

ಕಡಿತ ಅನಿವಾರ್ಯವೇ ಆದರೆ ಮೇಲಿನ ಸಂಬಳದಿಂದ ಶುರುಮಾಡಿ, ಅಡುಗೆಯವರ, ಆಯಾಗಳ ಸಂಬಳವನ್ನು ಕೊನೆಗೆ ಮುಟ್ಟಿ, ಮತ್ತು ಎಷ್ಟು ತಿಂಗಳಿಗೆ ಎಂಬುದನ್ನು ಬರೆದು ಕೊಡಿ. ಭವಿಷ್ಯನಿಧಿಯ ವಂತಿಗೆಯನ್ನು ತಪ್ಪಿಸುವ ಯೋಚನೆಯನ್ನಂತೂ ಮಾಡಬೇಡಿ.

ಮೂಲನಿಧಿಯನ್ನು ಮುರಿಯಬಹುದೇ? ಸಾಲ ಮಾಡಬಹುದೇ?

ಟ್ರಸ್ಟ್ ಪತ್ರದಲ್ಲಿ ಏನು ಬರೆದಿದೆ ಎಂಬುದು ಮೊದಲ ಪ್ರಶ್ನೆ. ದಾನಿ ಲಿಖಿತವಾಗಿ ಮೂಲನಿಧಿಗೆಂದು ಕೊಟ್ಟದ್ದನ್ನು ಅವರ ಇಚ್ಛೆಗೆ ವಿರುದ್ಧವಾಗಿ ಬಳಸಲಾಗದು. ತೆರಿಗೆಯ ಕಡೆಯಿಂದ ನೋಡಿದರೆ, ಧರ್ಮಾರ್ಥ ಸಂಸ್ಥೆ ತನ್ನ ಆದಾಯದ ಕನಿಷ್ಠ ಶೇಕಡಾ 85ನ್ನು ಆಯಾ ವರ್ಷವೇ ಉದ್ದೇಶಕ್ಕೆ ಬಳಸಬೇಕು, ಶೇಕಡಾ 15ನ್ನು ಉಳಿಸಿಕೊಳ್ಳಬಹುದು. ಈ 15ನ್ನು ಒಳ್ಳೆಯ ವರ್ಷಗಳಲ್ಲಿ ತಪ್ಪದೆ ಎತ್ತಿಡುವುದೇ ಸಣ್ಣ ಸಂಸ್ಥೆಯ ಕಣಜ. 2021ರ ತಿದ್ದುಪಡಿಗಳ ನಂತರ, ಮೂಲನಿಧಿಯಿಂದ ಅಥವಾ ಸಾಲದಿಂದ ಮಾಡಿದ ವೆಚ್ಚ ಆ ವರ್ಷದ ಬಳಕೆಯೆಂದು ಲೆಕ್ಕಕ್ಕೆ ಬರುವುದಿಲ್ಲ. ಆ ಹಣವನ್ನು ಆದಾಯದಿಂದ ಮರುತುಂಬಿದಾಗ ಅಥವಾ ಸಾಲ ತೀರಿಸಿದಾಗ, ಅದಕ್ಕಿರುವ ಷರತ್ತುಗಳಿಗೆ ಒಳಪಟ್ಟು ಬರುತ್ತದೆ. ಒಂದು ವರ್ಷ ಆದಾಯಕ್ಕಿಂತ ಹೆಚ್ಚು ವೆಚ್ಚ ಮಾಡಿದ್ದನ್ನು ಮುಂದಿನ ವರ್ಷದ ಆದಾಯದಲ್ಲಿ ಹೊಂದಿಸಿಕೊಳ್ಳುವ ಅವಕಾಶವೂ ಈಗ ಇಲ್ಲ. ಎಂದರೆ ಕೆಟ್ಟ ವರ್ಷದಲ್ಲಿ ಮೈಮೀರಿ ಸೇವೆ ಮಾಡಿದ ಸಂಸ್ಥೆಗೆ ತೆರಿಗೆಯ ಲೆಕ್ಕದಲ್ಲಿ ಯಾವ ಆಸರೆಯೂ ಸಿಗುವುದಿಲ್ಲ. ಇದು ಬದಲಾಗಬೇಕಾದ ನಿಯಮ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಮಠಗಳ ದಾಸೋಹ ಎಂಥ ಕಾಲದಲ್ಲೂ ನಿಲ್ಲುವುದಿಲ್ಲ. ಅವರಿಂದ ಕಲಿಯುವುದೇನಾದರೂ ಇದೆಯೇ?

ಇದೆ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳಿಗೆ ಊಟ, ವಸತಿ, ಪಾಠ ನಡೆಯುತ್ತಿರುವುದರ ಹಿಂದೆ ಭಕ್ತರು ತಂದುಕೊಡುವ ದವಸಧಾನ್ಯದ ಬಲವಿದೆ. ದಿನಕ್ಕೊಂದು ಹಿಡಿ ಅಕ್ಕಿಯನ್ನು ಎತ್ತಿಟ್ಟು ತಿಂಗಳ ಕೊನೆಗೆ ಕೊಡುವ ಮುಷ್ಟಿ ಅಕ್ಕಿಯ ಪದ್ಧತಿ ನಾಡಿನ ಎಷ್ಟೋ ವಿದ್ಯಾರ್ಥಿನಿಲಯಗಳನ್ನು ಸಾಕಿದೆ. ಹತ್ತು ದೊಡ್ಡ ದಾನಿಗಳಿಗಿಂತ ಐನೂರು ಮನೆಗಳ ಹಿಡಿ ಅಕ್ಕಿ ಹಿಂಜರಿತದಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಆದರೆ ಧಾನ್ಯದಿಂದ ವಿದ್ಯುತ್ ಬಿಲ್ ಕಟ್ಟಲಾಗದು, ಮಳೆ ಕೈಕೊಟ್ಟ ವರ್ಷದಲ್ಲಿ ಧಾನ್ಯವೂ ಬರದು. ಎರಡೂ ಬಗೆಯ ದಾನ ಬೇಕು.

ನಾನು ದಾನಿ. ಇಂಥ ಕಾಲದಲ್ಲಿ ಹೇಗೆ ಕೊಟ್ಟರೆ ಒಳ್ಳೆಯದು?

ಒಮ್ಮೆ ದೊಡ್ಡ ಮೊತ್ತ ಕೊಡುವುದಕ್ಕಿಂತ ತಿಂಗಳಿಗೆ 500 ರೂಪಾಯಿಯನ್ನು ನಿಲ್ಲಿಸದೆ ಕೊಡಿ. ‘ಯಾವುದಕ್ಕೆ ಬೇಕೋ ಅದಕ್ಕೆ ಬಳಸಿ’ ಎಂದು ಬರೆದುಕೊಡಿ. ಹೊಸ ಕೊಠಡಿಗೆ ಹೆಸರು ಹಾಕಿಸುವ ದಾನಿಗಳು ಸಿಗುತ್ತಾರೆ, ಗ್ಯಾಸ್ ಸಿಲಿಂಡರಿಗೆ, ಸಂಬಳಕ್ಕೆ ಕೊಡುವವರು ಸಿಗುವುದಿಲ್ಲ. ಹಳೆಯ ಬಟ್ಟೆ ತರುವ ಮೊದಲು ಫೋನ್ ಮಾಡಿ, ಆ ತಿಂಗಳು ಏನು ಬೇಕಾಗಿದೆ ಎಂದು ಕೇಳಿ.

ತೆರಿಗೆ ವಿನಾಯಿತಿಯ ಬಗ್ಗೆ: 80ಜಿ ಎಂದು ನಾವೆಲ್ಲ ಕರೆಯುತ್ತ ಬಂದ, ದಾನ ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ಸಿಗುವ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯನ್ನು ಆಯ್ದುಕೊಂಡವರಿಗಷ್ಟೇ ಸಿಗುತ್ತದೆ. 2,000 ರೂಪಾಯಿ ಮೀರಿದ ನಗದು ದಾನಕ್ಕೆ, ವಸ್ತುರೂಪದ ದಾನಕ್ಕೆ ಸಿಗುವುದಿಲ್ಲ. 2023–24ರಿಂದ ಹೊಸ ಪದ್ಧತಿಯೇ ಸಹಜ ಆಯ್ಕೆಯಾಗಿರುವುದರಿಂದ ಸಂಬಳದಾರ ದಾನಿಗಳಲ್ಲಿ ಹಲವರಿಗೆ ರಸೀದಿಯಿಂದ ತೆರಿಗೆಯ ಲಾಭವಿಲ್ಲ. ಮಾರ್ಚ್ ಕೊನೆಯ ವಾರದಲ್ಲಿ ಬರುತ್ತಿದ್ದ ದಾನ ನಮ್ಮಲ್ಲಿ ಇದರಿಂದ ಕಡಿಮೆಯಾಗಿದೆ.

ಕೆಲಸ ಕಳೆದುಕೊಂಡು ದಾನ ನಿಲ್ಲಿಸಿದವರನ್ನು ಮತ್ತೆ ಕೇಳಬಹುದೇ?

ಹಣ ಕೇಳಬೇಡಿ, ಸಂಪರ್ಕ ಬಿಡಬೇಡಿ. ವರ್ಷದ ವರದಿಯನ್ನು, ಪರೀಕ್ಷೆ ಪಾಸಾದ ಮಕ್ಕಳ ಪಟ್ಟಿಯನ್ನು, ಹಬ್ಬದ ಊಟದ ಕರೆಯೋಲೆಯನ್ನು ಮೊದಲಿನಂತೆಯೇ ಕಳುಹಿಸಿ. ಮೇಲೆ ಹೇಳಿದ ಟ್ಯಾಕ್ಸಿ ಚಾಲಕರ ಮಗ ನಮ್ಮಲ್ಲಿ ಎರಡು ವರ್ಷ ಇದ್ದು ಹತ್ತನೆಯ ತರಗತಿ ಮುಗಿಸಿದ. ತಂದೆ ಈಗ ಊರಿನಲ್ಲೇ ಶಾಲಾ ವಾಹನ ಓಡಿಸುತ್ತಾರೆ. ಕಳೆದ ವರ್ಷ ಅವರು ಒಂದು ದಿನದ ಊಟಕ್ಕೆ ಮತ್ತೆ ಹಣ ಕಟ್ಟಿದರು. ಹಲಗೆಯ ಮೇಲೆ ಯಾರ ಹೆಸರು ಬರೆಯಲಿ ಎಂದು ಕೇಳಿದಾಗ, ಅಡುಗೆಯ ಅಮ್ಮನ ಹೆಸರು ಬರೆಯಿರಿ ಎಂದರು.